ಪೆಟ್ಟಿಗೆಯ ಮೇಲಿನ ಹೆಸರು

ಹಿಂದೆಲ್ಲ ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮೇಸ್ತ್ರಿಯೊಬ್ಬರಿಗೆ ಒಳ್ಳೆಯ ಡ್ರಿಲ್ಲಿಂಗ್ ಮೆಷಿನ್ ಬೇಕಿದ್ದರೆ ಬೆಳಗ್ಗಿನ ಬಸ್ಸು ಹಿಡಿದು ಮಂಗಳೂರಿಗೆ ಹೋಗುತ್ತಿದ್ದರು. ಅಂಗಡಿಯವರು ಮೆಷಿನನ್ನು ಪ್ಲಗ್ಗಿಗೆ ಸಿಕ್ಕಿಸಿ ಓಡಿಸಿ ತೋರಿಸುತ್ತಿದ್ದರು, ಬಿಲ್ಲು ಬರೆದು ವಾರಂಟಿ ಕಾರ್ಡಿಗೆ ಸೀಲು ಒತ್ತಿ ಕೊಡುತ್ತಿದ್ದರು. ಹಾಳಾದರೆ ಜಗಳ ಮಾಡಲಿಕ್ಕಾದರೂ ಎದುರಿಗೆ ಒಂದು ಮುಖ ಇತ್ತು. ಈಗ ಊಟದ ಹೊತ್ತಿನಲ್ಲಿ ಮೊಬೈಲು ಒತ್ತಿದರೆ ಮೂರು ನಾಲ್ಕು ದಿನದಲ್ಲಿ ಪೆಟ್ಟಿಗೆ ಮನೆಬಾಗಿಲಿಗೇ ಬರುತ್ತದೆ. ಬಸ್ಸಿನ ಖರ್ಚು, ಒಂದು ದಿನದ ಸಂಬಳ ಎರಡೂ ಉಳಿಯುತ್ತದೆ. ಅನುಕೂಲವೇ, ಸಂಶಯವಿಲ್ಲ. ಆನ್‌ಲೈನ್ ವ್ಯಾಪಾರವನ್ನು ದೂರುವ ಉದ್ದೇಶ ನಮಗಿಲ್ಲ. ಪೆಟ್ಟಿಗೆಯ ಮೇಲಿನ ಹೆಸರಿಗೂ ಒಳಗಿನ ವಸ್ತುವಿಗೂ ಸಂಬಂಧವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಈ ತಿಂಗಳು ನಮ್ಮ ಕುಟುಂಬಗಳ ಮುಂದೆ ಇಡಬಯಸುತ್ತೇವೆ.

ನಕಲಿ ಮಾಲು ಎಂದೊಡನೆ ನೆನಪಾಗುವುದು ವಾಚು, ಶೂ, ಕೂಲಿಂಗ್ ಗ್ಲಾಸು. ಅವು ನಕಲಿಯಾದರೆ ಹೋಗುವುದು ಹಣ, ಜೊತೆಗೆ ಸ್ವಲ್ಪ ಮರ್ಯಾದೆ. ಹತ್ಯಾರಿನ ವಿಷಯ ಹಾಗಲ್ಲ. ಗೇಟು ವೆಲ್ಡಿಂಗಿಗೆ, ಟೈಲ್ಸ್ ಕೆಲಸಕ್ಕೆ ಎಲ್ಲೆಡೆ ಬಳಸುವ ನಾಲ್ಕಿಂಚಿನ ಗ್ರೈಂಡರನ್ನೇ ತೆಗೆದುಕೊಳ್ಳಿ. ಅದು ಖಾಲಿ ಓಡುವಾಗ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಚಕ್ರದ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರಿಗಿಂತ ಹೆಚ್ಚಾಗುತ್ತದೆ. ಕಾಸರಗೋಡಿನಿಂದ ತಿರುವನಂತಪುರಕ್ಕೆ ಓಡುವ ವಂದೇ ಭಾರತ್ ರೈಲಿಗೂ ಅಷ್ಟು ವೇಗವಿಲ್ಲ. ಮುಖದಿಂದ ಒಂದು ಮೊಳ ದೂರದಲ್ಲಿ ಆ ವೇಗದಲ್ಲಿ ತಿರುಗುವ ಚಕ್ರ ಒಡೆದರೆ ತುಂಡುಗಳು ಎಲ್ಲಿಗೆ ಹಾರುತ್ತವೆಂದು ವಿವರಿಸಬೇಕಾಗಿಲ್ಲ.

ಕಟ್ಟಿಂಗ್ ಚಕ್ರವೆಂದರೆ ಗಟ್ಟಿ ಹರಳುಗಳನ್ನು ರಾಳದಿಂದ ಅಂಟಿಸಿ, ನಡುವೆ ಗಾಜಿನ ನಾರಿನ ಬಲೆಯನ್ನು ಕೂರಿಸಿ ಮಾಡಿದ ಬಿಲ್ಲೆ. ಅದನ್ನು ಒಡೆಯದಂತೆ ಹಿಡಿದಿಡುವುದು ಆ ಬಲೆ ಮತ್ತು ರಾಳ. ನಕಲಿ ಮಾಡುವವನು ಉಳಿತಾಯ ಮಾಡುವುದು ಇಲ್ಲಿಯೇ, ಯಾಕೆಂದರೆ ಹೊರಗಿನಿಂದ ಅದು ಕಾಣುವುದಿಲ್ಲ. ರಾಳಕ್ಕೆ ತೇವವೂ ಶತ್ರು. ಅದಕ್ಕಾಗಿಯೇ ಒಳ್ಳೆಯ ಕಂಪೆನಿಗಳು ನಡುವಿನ ಲೋಹದ ಬಳೆಯ ಮೇಲೆ, ಔಷಧದ ಶೀಶೆಯ ಮೇಲೆ ಇರುವಂತೆ, ಬಳಕೆಯ ಕೊನೆಯ ತಿಂಗಳು ಮತ್ತು ವರ್ಷವನ್ನು ಅಚ್ಚು ಹಾಕುತ್ತವೆ. ಸಾಮಾನ್ಯವಾಗಿ ತಯಾರಾದಂದಿನಿಂದ ಮೂರು ವರ್ಷ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಚಕ್ರಗಳನ್ನು ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು. ಚಕ್ರದ ಮೇಲೆ ಬರೆದಿರುವ ಗರಿಷ್ಠ ವೇಗ ಮೆಷಿನಿನ ವೇಗಕ್ಕಿಂತ ಹೆಚ್ಚೇ ಇರಬೇಕು. ಅಂಕೆಯೇ ಇಲ್ಲದ ಚಕ್ರವನ್ನು ಹಾಕಲೇಬಾರದು.

ಇನ್ನು ಮೆಷಿನಿನ ಒಳಗೆ. ತಾಮ್ರದ ತಂತಿ ಸುತ್ತಬೇಕಾದಲ್ಲಿ ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಇರುತ್ತದೆ, ಹತ್ತು ನಿಮಿಷಕ್ಕೇ ಕೈ ಸುಡುವಷ್ಟು ಬಿಸಿ. ಸ್ವಿಚ್ಚು ಒತ್ತಿದಲ್ಲೇ ಸಿಕ್ಕಿಕೊಳ್ಳುವುದೂ ಉಂಟು. ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ವಿದ್ಯುತ್ ಸೋರದಂತೆ ಎರಡು ಪದರದ ರಕ್ಷಣೆ ಇದೆ ಎಂದು ಅರ್ಥ. ಹಾಗಾಗಿಯೇ ಅಂತಹ ಮೆಷಿನಿಗೆ ಅರ್ತಿಂಗ್ ತಂತಿ ಇಲ್ಲದ ಎರಡು ಪಿನ್ನಿನ ಪ್ಲಗ್ಗು ಸಾಕಾಗುತ್ತದೆ. ನಕಲಿಯಲ್ಲಿ ಗುರುತು ಮಾತ್ರ ಇರುತ್ತದೆ, ಎರಡನೆಯ ಪದರ ಇರುವುದಿಲ್ಲ. ಒದ್ದೆ ನೆಲದಲ್ಲಿ ನಿಂತು ಅದನ್ನು ಹಿಡಿಯುವವನ ಸ್ಥಿತಿ ಏನು?

ಹಿಡಿಯುವವನು ಯಾರು ಎಂಬುದೇ ನಮ್ಮನ್ನು ಹೆಚ್ಚು ಕಾಡುವ ಪ್ರಶ್ನೆ. ಮೋಸಹೋಗಿ ನಕಲಿ ಕೊಂಡವರ ಮೇಲೆ ನಮಗೆ ಕನಿಕರವಿದೆ. ಆದರೆ ‘ಫಸ್ಟ್ ಕಾಪಿ’ ಎಂದು ಚೆನ್ನಾಗಿ ತಿಳಿದೇ, ಅರ್ಧ ಬೆಲೆಗೆ ಸಿಕ್ಕಿತೆಂದು ಖುಷಿಪಟ್ಟು ಕೊಳ್ಳುವವರೂ ನಮ್ಮಲ್ಲಿದ್ದಾರೆ. ಅವರು ಅದನ್ನು ತಾವೇ ಹಿಡಿಯುವುದು ಅಪರೂಪ. ಹಿಡಿಯುವುದು ದಿನಕೂಲಿಗೆ ಬಂದವನು. ಈಗೀಗ ಅವನು ಬಂಗಾಳದಿಂದಲೋ ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದ ಹುಡುಗ. “ಧನಿಗಳೇ, ಈ ಮೆಷಿನ್ ನಡುಗುತ್ತದೆ, ನನಗೆ ಬೇಡ” ಎಂದು ಹೇಳಲು ಅವನಿಗೆ ನಮ್ಮ ಭಾಷೆಯೂ ಬಾರದು, ಧೈರ್ಯವೂ ಇಲ್ಲ. ಉಳಿತಾಯದ ಸಾವಿರ ರೂಪಾಯಿ ನಮ್ಮ ಕಿಸೆಗೆ, ಅಪಾಯ ಅವನ ಕಣ್ಣಿಗೆ. “ದೊಡ್ಡ ಕಂಪೆನಿಗೆ ಇದರಿಂದ ಏನು ನಷ್ಟ?” ಎಂದು ವಾದಿಸುವವರು ಏಳನೆಯ ಕಟ್ಟಳೆಯನ್ನು ಕಂಪೆನಿಯ ಲೆಕ್ಕದಲ್ಲಷ್ಟೇ ಓದುತ್ತಾರೆ. ಕೆಲಸದವನ ಲೆಕ್ಕದಲ್ಲಿ ಓದುವಾಗ ಅಲ್ಲಿ ಐದನೆಯ ಕಟ್ಟಳೆಯೂ ಬಂದು ನಿಲ್ಲುತ್ತದೆ. ಮೇ 1ರಂದು ಕಾರ್ಮಿಕರ ಪಾಲಕ ಸಂತ ಜೋಸೆಫರ ಹಬ್ಬ ಆಚರಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇವೆ.

ದೊಡ್ಡ ಆ್ಯಪ್‌ನಲ್ಲಿ ಕೊಂಡರೆ ನಕಲಿ ಬರಲಾರದು ಎಂಬ ನಂಬಿಕೆ ಹಲವರಲ್ಲಿದೆ. 2025ರ ಮಾರ್ಚ್‌ನಲ್ಲಿ ಭಾರತೀಯ ಮಾನಕ ಬ್ಯೂರೋದವರು ದೆಹಲಿಯಲ್ಲಿ ಪ್ರಸಿದ್ಧ ಆನ್‌ಲೈನ್ ಸಂಸ್ಥೆಯೊಂದರ ಗೋದಾಮನ್ನು ಶೋಧಿಸಿದಾಗ ಐ.ಎಸ್.ಐ. ಗುರುತಿಲ್ಲದ ಮತ್ತು ನಕಲಿ ಐ.ಎಸ್.ಐ. ಚೀಟಿ ಅಂಟಿಸಿದ ಗೀಸರ್, ಮಿಕ್ಸಿ ಮುಂತಾದ 3,500ಕ್ಕೂ ಹೆಚ್ಚು ವಿದ್ಯುತ್ ಸಾಮಾನುಗಳು ಸಿಕ್ಕಿದವು. ಕಾರಣ ಸರಳ. ಆ್ಯಪ್ ಒಂದು ಸಂತೆ ಇದ್ದ ಹಾಗೆ. ಒಂದೇ ಚಿತ್ರದ ಕೆಳಗೆ ಹತ್ತು ಮಂದಿ ಮಾರಾಟಗಾರರು ಕುಳಿತಿರುತ್ತಾರೆ. ಬ್ರಾಂಡಿನ ಹೆಸರನ್ನು ನೋಡುವ ನಾವು ‘ಮಾರಾಟ ಮಾಡುವವರು’ ಎಂಬ ಚಿಕ್ಕ ಅಕ್ಷರದ ಸಾಲನ್ನು ಓದುವುದಿಲ್ಲ. ಓದಬೇಕಾದದ್ದು ಅದನ್ನೇ. ಬ್ರಾಂಡಿನ ಸ್ವಂತ ಜಾಲತಾಣದಲ್ಲಿ ಅಧಿಕೃತ ಮಾರಾಟಗಾರರ ವಿವರ ಇದ್ದರೆ ಹೋಲಿಸಿ ನೋಡಿ.

ಬೆಲೆಯೂ ಮಾತಾಡುತ್ತದೆ. ಮಂಗಳೂರಿನ ಅಂಗಡಿಗೆ ಒಂದು ಫೋನು ಮಾಡಿ ಕೇಳಿದರೆ ಸರಿಯಾದ ದರ ತಿಳಿಯುತ್ತದೆ. ಅದಕ್ಕಿಂತ ಸ್ವಲ್ಪ ಕಡಿಮೆಯಾದರೆ ಸರಿ, ಮೂರನೆಯ ಒಂದು ಪಾಲಿಗೆ ಯಾರೂ ಅಸಲಿ ಕೊಡುವುದಿಲ್ಲ. ‘ಚೀನಾದಲ್ಲಿ ತಯಾರಾದದ್ದು’ ಎಂದು ಬರೆದಿದ್ದರೆ ನಕಲಿಯೆಂದು ತಿಳಿಯುವವರಿದ್ದಾರೆ, ಅದು ಸರಿಯಲ್ಲ. ಬಾಷ್, ಮಕಿತಾದಂಥ ಕಂಪೆನಿಗಳ ಅಸಲಿ ಮೆಷಿನುಗಳೂ ಚೀನಾದಲ್ಲಿ ತಯಾರಾಗುತ್ತವೆ. ಬದಲಿಗೆ, ಹಿಟಾಚಿ ಹೆಸರಿನ ಮೆಷಿನುಗಳ ಬ್ರಾಂಡು 2018ರಲ್ಲೇ ಹೈಕೋಕಿ ಎಂದು ಬದಲಾಯಿತು. ಇಂದಿಗೂ ಹಳೆಯ ಹೆಸರಿನ ಪೆಟ್ಟಿಗೆಯನ್ನು ‘ಈಗಷ್ಟೇ ಬಂದ ಹೊಸ ಮಾಲು’ ಎಂದು ಯಾರಾದರೂ ಮಾರಿದರೆ ಎರಡು ಪ್ರಶ್ನೆ ಕೇಳಿಯೇ ಮುಂದುವರಿಯಿರಿ. ಪಾರ್ಸೆಲು ಬಂದಾಗ ಮಕ್ಕಳ ಕೈಯಲ್ಲಿ ಮೊಬೈಲು ಕೊಟ್ಟು, ಪೆಟ್ಟಿಗೆ ಒಡೆಯುವುದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೋ ಮಾಡಿಸಿ. ಮೆಷಿನಿನ ಸೀರಿಯಲ್ ನಂಬರನ್ನು ಕಂಪೆನಿಯ ವಾರಂಟಿಗೆ ಅಂದೇ ನೋಂದಾಯಿಸಿ. ನಂಬರು ಸ್ವೀಕಾರವಾಗದಿದ್ದರೆ ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸುವವರೆಗೆ ಅದನ್ನು ಕೆಲಸಕ್ಕೆ ಇಳಿಸಬೇಡಿ. ಬಿಲ್ಲಿನಲ್ಲಿ 15 ಅಕ್ಷರ-ಅಂಕೆಗಳ ಜಿ.ಎಸ್.ಟಿ. ನಂಬರಿರಬೇಕು. ಮೊದಲ ಎರಡು ಅಂಕೆ ರಾಜ್ಯದ್ದು, ಕೇರಳಕ್ಕೆ 32, ಕರ್ನಾಟಕಕ್ಕೆ 29. ಜಿ.ಎಸ್.ಟಿ. ಜಾಲತಾಣದಲ್ಲಿ ಆ ನಂಬರು ಹಾಕಿದರೆ ಯಾರದ್ದೆಂದು ತೋರಿಸುತ್ತದೆ.

ಮೋಸ ಆಗಿಯೇ ಬಿಟ್ಟರೆ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನಕಲಿ ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎನ್ನಲು ಮಾರಾಟಗಾರನಿಗೆ ಅವಕಾಶವಿಲ್ಲ. ಆ್ಯಪ್‌ನ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ನಕಲಿ ವಸ್ತುವಿನಿಂದ ಯಾರಿಗಾದರೂ ತೀವ್ರ ಗಾಯವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಅದನ್ನು ಮಾಡಿದವನಿಗೆ, ಮಾರಿದವನಿಗೆ ಏಳು ವರ್ಷದವರೆಗೆ ಜೈಲು ಇದೆ. ಮಾರಾಟಗಾರ ದೆಹಲಿಯಲ್ಲಿದ್ದರೂ ಮೊಕದ್ದಮೆಗೆ ನಾವು ಅಲ್ಲಿಗೆ ಓಡಬೇಕಾಗಿಲ್ಲ. ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೂ ಇಲ್ಲ.

ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಅಂದರೆ 1915ಕ್ಕೆ, ಒಂದು ಕರೆ ಮಾಡಿ. ಅದು 17 ಭಾಷೆಗಳಲ್ಲಿ ನಡೆಯುತ್ತದೆ. ಕೇರಳದಲ್ಲಿರಲಿ, ತಾಳವಾಡಿಯಲ್ಲಿರಲಿ, ಸೊಲ್ಲಾಪುರದಲ್ಲಿರಲಿ, ಕನ್ನಡದಲ್ಲೇ ಮಾತಾಡಬಹುದು. ಹಣ ಪಡೆದು ಏನನ್ನೂ ಕಳುಹಿಸದೆ ಮಾಯವಾಗುವ ಸುಳ್ಳು ಜಾಲತಾಣಗಳ ದೂರಿಗೆ ನಂಬರು ಬೇರೆ, 1930. ಹಣ ಹೋದ ಕೂಡಲೇ ಅಲ್ಲಿಗೆ ತಿಳಿಸಬೇಕು, ಮರುದಿನಕ್ಕೆ ಇಡಬಾರದು. ಆರ್ಡರ್ ನಂಬರು, ಬಿಲ್ಲು, ವಿಡಿಯೋ ಕೈಯಲ್ಲಿರಲಿ. ಬಂದ ಪೆಟ್ಟಿಗೆಯನ್ನು ಅದರ ಮೇಲಿನ ಚೀಟಿಗಳ ಸಮೇತ ಕೆಲವು ದಿನವಾದರೂ ಅಟ್ಟದ ಮೇಲೆ ಇಡಿ, ಬಚ್ಚಲ ಒಲೆಗೆ ಹಾಕಲು ಅವಸರ ಬೇಡ.