ಸಾಕಿದ ಮಗುವಿಗೆ ಕಾಗದವೂ ಬೇಕು

ಧರ್ಮಸ್ಥಳದಲ್ಲಿ ಶಿವನ ಗುಡಿ, ವೈಷ್ಣವ ಅರ್ಚಕರು, ಜೈನ ಹೆಗ್ಗಡೆಯವರು. ಕಾನೂನಿಗೆ ಇಷ್ಟು ದೊಡ್ಡ ಮನಸ್ಸಿರಲಿಲ್ಲ. 1956ರ ದತ್ತಕ ಕಾಯ್ದೆ ಹಿಂದೂ, ಜೈನರಿಗೆ ಅನ್ವಯ, ನೆರೆಮನೆಯ ಕ್ರೈಸ್ತರಿಗಿಲ್ಲ. ಅವರಿಗೆ ಸಿಗುತ್ತಿದ್ದದ್ದು 1890ರ ಕಾಯ್ದೆಯ ಬರೀ ಪಾಲಕರ ಸ್ಥಾನ. ಮಗು ಪ್ರಾಯಕ್ಕೆ ಬಂದರೆ ಅದೂ ಮುಗೀತು.

2000ದ ಬಾಲನ್ಯಾಯ ಕಾಯ್ದೆ, 2006ರ ತಿದ್ದುಪಡಿ ಬಾಗಿಲು ತೆರೆದವು. ಯಾವ ಧರ್ಮದವರೂ ಇದರಡಿ ದತ್ತು ಪಡೆಯಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. 2022ರಿಂದ ಆದೇಶ ಕೊಡುವವರು ಜಿಲ್ಲಾಧಿಕಾರಿ.

'ಇಗರ್ಜಿಯಲ್ಲಿ ಜ್ಞಾನಸ್ನಾನ ಆಯ್ತಲ್ಲ, ಇನ್ನೇನು?' ಅಂದರೆ ಸಾಲದು. ಸಾಕಿದವರು ಕಣ್ಣು ಮುಚ್ಚಿದ ಮೇಲೆ ದಾಯಾದಿಗಳು ಮೊದಲು ಕೇಳುವುದು ಕಾಗದವನ್ನೇ. ಭಾನುವಾರದ ಪ್ರಸಂಗದ ಕೊನೆಗೆ ಪಾದ್ರಿಗಳು ಇದನ್ನೂ ಎರಡು ಮಾತು ಹೇಳಲಿ.