ಶಂಕರಪುರದ ಕಾಲಡಿಯ ಮಣ್ಣು

ಕಾರ್ತೀಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಶಂಕರಪುರದವರಿಗೆ ಅದು ಮನೆಯ ಹಬ್ಬವಿದ್ದಂತೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ರೈತರು ಬಸವನು ತಮ್ಮ ಬೆಳೆಯನ್ನು ಮೇಯದಿರಲೆಂದು ಮೊದಲ ಫಸಲನ್ನು ಒಪ್ಪಿಸುತ್ತಿದ್ದರೆಂಬುದು ಐತಿಹ್ಯ. ಇಂದು ಆ ಹಳ್ಳಿಗಳು ಬಡಾವಣೆಗಳಾಗಿವೆ. ಕಡಲೆಕಾಯಿ ಹೊರಜಿಲ್ಲೆಗಳಿಂದ, ನೆರೆಯ ರಾಜ್ಯಗಳಿಂದ ಲಾರಿಯೇರಿ ಬರುತ್ತದೆ. ಹೊಲ ಹೋದರೇನು, ಹಬ್ಬ ಉಳಿಯಿತಲ್ಲ ಎಂದು ಸಮಾಧಾನಪಡುತ್ತೇವೆ. ಹೊಲದ ಮಣ್ಣು ಏನಾಯಿತೆಂದು ಕೇಳುವವರು ವಿರಳ.

1898ರ ಪ್ಲೇಗಿನ ಅನಂತರ ಬಸವನಗುಡಿಯ ಸುತ್ತ ಬಡಾವಣೆಗಳು ಬೆಳೆದಾಗ ಹೊಲಗಳು ಮನೆಗಳಾದುವು, ನಿಜ. ಆದರೆ ಆ ಮನೆಗಳಿಗೆ ಹಿತ್ತಿಲಿತ್ತು. ಒಂದು ತೆಂಗು, ಒಂದು ಕರಿಬೇವು, ಮೂಲೆಯಲ್ಲೊಂದು ತಿಪ್ಪೆಗುಂಡಿ. ಉದುರಿದ ಎಲೆ, ಹಸುವಿನ ಸಗಣಿ, ಅಡಿಗೆಮನೆಯ ಸಿಪ್ಪೆ ಅಲ್ಲಿಯೇ ಕೊಳೆತು ಮಣ್ಣು ಸೇರುತ್ತಿದ್ದುವು. ನೆಲದ ಉಪಯೋಗ ಬದಲಾಗಿದ್ದರೂ ಮಣ್ಣು ಬದುಕಿತ್ತು. ಈಗ ನಡೆದಿರುವ ಎರಡನೆಯ ಬದಲಾವಣೆ ಅಂಥದಲ್ಲ. ಹಳೆಯ ಮನೆ ಕೆಡವಿ, ನಿವೇಶನದ ಅಂಚಿನಿಂದ ಅಂಚಿಗೆ ನೆಲಮಾಳಿಗೆ ತೋಡಿ, ಮಣ್ಣನ್ನು ಲಾರಿಗೆ ತುಂಬಿ, ಉಳಿದ ಗೇಣು ನೆಲಕ್ಕೂ ಕಾಂಕ್ರೀಟು ಹೊದಿಸುತ್ತಾರೆ.

ಮಣ್ಣೆಂದರೆ ಬರಿಯ ಕಲ್ಲಿನ ಪುಡಿಯಲ್ಲ. ಭೂಮಿಯ ಮೇಲ್ಪದರದ ಒಂದು ಮೀಟರಿನಲ್ಲಿ ಸುಮಾರು 1,50,000 ಕೋಟಿ ಟನ್ ಸಾವಯವ ಇಂಗಾಲ ಅಡಗಿದೆ. ವಾತಾವರಣದಲ್ಲಿರುವ ಇಂಗಾಲಕ್ಕಿಂತ ಇದು ಹೆಚ್ಚು. ನಮ್ಮ ಕೆಮ್ಮಣ್ಣು ಈ ಐಶ್ವರ್ಯದಲ್ಲಿ ಬಡವ. ನೂರು ಪಾಲಿನಲ್ಲಿ ಅರ್ಧ ಪಾಲು ಇಂಗಾಲವಿದ್ದರೆ ಅದೇ ದೊಡ್ಡದು. ಅಗೆದು ಗಾಳಿಗೊಡ್ಡಿದೊಡನೆ ಸೂಕ್ಷ್ಮಜೀವಿಗಳು ಆ ಅಲ್ಪವನ್ನೂ ಉಂಡು ಇಂಗಾಲದ ಡೈಆಕ್ಸೈಡನ್ನಾಗಿ ಹೊರಬಿಡುತ್ತವೆ. ಮೇಲೆ ಮುಚ್ಚಿಬಿಟ್ಟರೆ ಎಲೆಯಿಂದಾಗಲಿ ಬೇರಿನಿಂದಾಗಲಿ ಹೊಸದು ಒಳಸೇರದು. ಕಡಲೆಗಿಡದ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೀಯುತ್ತಿದ್ದ ಉಪಕಾರ ಹೊಲದೊಡನೆಯೇ ಮುಗಿದಿತ್ತು. ಕೊಟ್ಟರೆ ಈ ಮಣ್ಣು ಕೃತಘ್ನವೇನಲ್ಲ: ಹೆಬ್ಬಾಳದಾಚೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಳೆಯಾಶ್ರಯದ ರಾಗಿಯ ಮೇಲೆ ದಶಕಗಳಿಂದ ನಡೆದ ಪ್ರಯೋಗಗಳಲ್ಲಿ, ರಾಸಾಯನಿಕ ಗೊಬ್ಬರದೊಡನೆ ಕೊಟ್ಟಿಗೆ ಗೊಬ್ಬರವೂ ಬಿದ್ದ ತಾಕುಗಳಲ್ಲಿ ಇಂಗಾಲವೂ ಹೆಚ್ಚಿತು, ಇಳುವರಿಯೂ ಹೆಚ್ಚಿತು.

ಕೋಲಾರ, ಚಿಕ್ಕಬಳ್ಳಾಪುರಗಳ ಸೊಪ್ಪು ತರಕಾರಿಯೊಡನೆ ಅಲ್ಲಿನ ಹೊಲಗಳ ಸಾರಜನಕ, ರಂಜಕಗಳೂ ನಮ್ಮ ಮನೆ ಸೇರುತ್ತವೆ. ಹಿಂದೆ ಒಂದಿಷ್ಟಾದರೂ ಹಿತ್ತಿಲಿಗೆ ಸಲ್ಲುತ್ತಿತ್ತು. ಈಗ ಅವು ಚರಂಡಿ ಹಿಡಿದು, ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಜನ ನಂಬುವ ವೃಷಭಾವತಿಗಿಳಿದು, ಬಿಡದಿಯ ಬಳಿಯ ಬೈರಮಂಗಲ ಜಲಾಶಯವನ್ನು ಕೆಡಿಸುತ್ತವೆ. ಬೆಳೆಗೆ ಅನ್ನವಾಗಬೇಕಾದುದು ನೀರಿಗೆ ನಂಜಾಗಿದೆ.

ಊರ ನಡುವೆ ಮಹಡಿ ಏರಿದರೆ ಹೊರವಲಯದ ಹೊಲ ಉಳಿದೀತೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಮಹಡಿ ಏರಿಸಲು ಬುಡದ ನೆಲವನ್ನೆಲ್ಲ ಮುಚ್ಚಬೇಕೆಂದೇನೂ ಇಲ್ಲ. ನಕ್ಷೆಗೆ ಮಂಜೂರಾತಿ ನೀಡುವವರು ಕಾರು ನಿಲ್ಲಿಸುವ ಜಾಗ ಕೇಳುವಂತೆ ಬರಿಯ ಮಣ್ಣಿನ ಜಾಗವನ್ನೂ ಕೇಳಬಹುದು. ಮರದ ಬುಡದ ಸುತ್ತ ಒಂದು ಮೀಟರು ಕಾಂಕ್ರೀಟು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಗೆ ಆಜ್ಞಾಪಿಸಿದ್ದು 2013ರಲ್ಲಿ. ನಮ್ಮಲ್ಲಿ ಮರಗಳನ್ನು ಎಣಿಸುವ ಉತ್ಸಾಹವಿದೆ, ಬುಡವನ್ನು ಬಗ್ಗಿ ನೋಡುವ ವ್ಯವಧಾನ ಕಡಮೆ. ಬೆಳಗಾದರೆ ಬೀದಿಯ ಹೊಂಗೆಯೆಲೆಯನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬುತ್ತಾರೆ. ಅದು ಉದುರಿದ ಮರದ ಬುಡದಲ್ಲಿ ಒಂದು ಹಿಡಿ ಸುರಿಯಲೂ ತೆರೆದ ಮಣ್ಣಿಲ್ಲ.