ಜೇಬಿನಲ್ಲೊಂದು ಜೀರ್ಣದ ಮಾತ್ರೆ

ನಮ್ಮ ಮಾರನಹಳ್ಳಿಯ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಈ ವಾರದ ಪ್ರಶ್ನೆ ಕೇಳಿದ್ದಾಳೆ. "ಮೇಷ್ಟ್ರೇ, ನಮ್ಮ ತಾತ ಬೀಗರೂಟಕ್ಕೆ ಹೋಗುವಾಗ ಜೇಬಲ್ಲಿ ಜೀರ್ಣದ ಮಾತ್ರೆ ಇಟ್ಕೊಂಡೇ ಹೋಗ್ತಾರೆ. ಸಕಲೇಶಪುರದ ಜಾತ್ರೇಲಿ ನಾನು ಒಂದು ಪ್ಲೇಟ್ ಗೋಬಿ ತಿಂದೆ. ನಂಗೂ ಅರ್ಧ ಮಾತ್ರೆ ಕೊಟ್ಟು, ಇನ್ನು ಏನು ತಿಂದ್ರೂ ಏನೂ ಆಗಲ್ಲ ಅಂದ್ರು. ನಿಜಾನಾ?"

ಪ್ರಶ್ನೆ ಚಿಕ್ಕದು, ಉತ್ತರ ಸ್ವಲ್ಪ ಉದ್ದ. ಮೊದಲು ಅಜ್ಜಿಯರಿಗೆಲ್ಲ ಗೊತ್ತಿರುವ ಕಥೆಯಿಂದ ಶುರುಮಾಡೋಣ.

ಇಲ್ವಲ, ವಾತಾಪಿ ಅಂತ ಇಬ್ಬರು ರಾಕ್ಷಸ ಅಣ್ಣ ತಮ್ಮಂದಿರು. ವಾತಾಪಿ ಆಡಿನ ರೂಪ ತಾಳುತ್ತಿದ್ದ. ಇಲ್ವಲ ಅವನನ್ನೇ ಅಡುಗೆ ಮಾಡಿ ಅತಿಥಿಗಳಿಗೆ ಬಡಿಸುತ್ತಿದ್ದ. ಊಟ ಮುಗಿದ ಮೇಲೆ "ವಾತಾಪಿ, ಹೊರಗೆ ಬಾ" ಎಂದು ಕೂಗಿದರೆ ಅವನು ಅತಿಥಿಯ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಅಗಸ್ತ್ಯರ ಮುಂದೆ ಮಾತ್ರ ಈ ಆಟ ನಡೆಯಲಿಲ್ಲ. ಅವರು ಹೊಟ್ಟೆ ಸವರಿಕೊಂಡು "ವಾತಾಪಿ ಜೀರ್ಣೋಭವ" ಎಂದರು, ಕಥೆ ಮುಗಿಯಿತು. ನಮ್ಮ ಬಾದಾಮಿಯ ಹಳೆಯ ಹೆಸರು ವಾತಾಪಿ. ಇವತ್ತಿಗೂ ಮಗುವಿಗೆ ಹಾಲು ಕುಡಿಸಿದ ಅಜ್ಜಿ ಅದರ ಹೊಟ್ಟೆ ಸವರಿ ಇದೇ ಮಾತು ಹೇಳುವುದುಂಟು.

ಈಗ ನನ್ನ ಪ್ರಶ್ನೆ. ಜೀರ್ಣವಾದ ವಾತಾಪಿ ಎಲ್ಲಿಗೆ ಹೋದ? ಮಾಯವಾಗಲಿಲ್ಲ ಮಕ್ಕಳೇ. ಅಗಸ್ತ್ಯರ ರಕ್ತಕ್ಕೆ, ಮಾಂಸಕ್ಕೆ ಸೇರಿಹೋದ. ಜೀರ್ಣ ಆಗುವುದು ಎಂದರೆ ಅದೇ: ತಿಂದದ್ದು ಸಣ್ಣ ಸಣ್ಣ ತುಣುಕಾಗಿ, ಕರುಳಿನ ಗೋಡೆ ದಾಟಿ ನಮ್ಮೊಳಗೆ ಸೇರುವುದು. ಇದೊಂದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ತುಣುಕು ಮಾಡುವ ಕೆಲಸದವರ ಹೆಸರು ಕಿಣ್ವ. ಇಂಗ್ಲಿಷಿನಲ್ಲಿ ಎನ್‌ಜೈಮ್. ಒಂದೊಂದು ಕಿಣ್ವಕ್ಕೂ ಒಂದೊಂದೇ ಕೆಲಸ, ಒಂದು ಬೀಗಕ್ಕೆ ಒಂದೇ ಬೀಗದ ಕೈ ಇದ್ದ ಹಾಗೆ. ಪಿಷ್ಟವನ್ನು ಒಡೆಯುವುದು ಕೊಬ್ಬನ್ನು ಮುಟ್ಟುವುದಿಲ್ಲ, ಕೊಬ್ಬನ್ನು ಒಡೆಯುವುದು ಮಾಂಸದ ಪ್ರೋಟೀನನ್ನು ಮುಟ್ಟುವುದಿಲ್ಲ. ನಂಬಿಕೆ ಬರದಿದ್ದರೆ ನಾಳೆ ಊಟಕ್ಕೆ ಕೂತಾಗ ಸಾರು, ಪಲ್ಯ ಏನೂ ಇಲ್ಲದ ಒಂದು ತುತ್ತು ಬರಿ ಅನ್ನ ಬಾಯಿಗೆ ಹಾಕಿಕೊಂಡು ನುಂಗದೆ ಒಂದೆರಡು ನಿಮಿಷ ಅಗಿಯಿರಿ. ಮೆಲ್ಲಗೆ ಸಿಹಿಯಾಗುತ್ತದೆ. ನಿಮ್ಮ ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತಿದೆ. ಶಾಲೆಯ ಪ್ರಯೋಗದ ಕೋಣೆಯಲ್ಲಿ ಅಯೋಡಿನ್ ಇದ್ದರೆ ಇನ್ನೂ ಚೆನ್ನ. ಎರಡು ಲೋಟದಲ್ಲಿ ತೆಳ್ಳಗಿನ, ಆರಿದ ಗಂಜಿನೀರು ಇಟ್ಟು, ಒಂದಕ್ಕೆ ಮಾತ್ರ ಜೊಲ್ಲು ಸೇರಿಸಿ ಕಾಲು ಗಂಟೆ ಬಿಡಿ. ಆಮೇಲೆ ಎರಡಕ್ಕೂ ಒಂದೊಂದು ಹನಿ ಅಯೋಡಿನ್ ಹಾಕಿ. ಒಂದು ಕಡುನೀಲಿಯಾಗುತ್ತದೆ, ಇನ್ನೊಂದರ ನೀಲಿ ಮಂಕಾಗಿರುತ್ತದೆ ಇಲ್ಲವೇ ಬರುವುದೇ ಇಲ್ಲ. (ಲೋಟದಲ್ಲಿರುವುದನ್ನು ಚೆಲ್ಲಿಬಿಡಿ, ತಮ್ಮನಿಗೆ ಕುಡಿಸಬೇಡಿ.)

ಅಡುಗೆಮನೆಯಲ್ಲೂ ಕಿಣ್ವ ಇದೆ. ಮಟನ್ ಬಲಿತಿದ್ದರೆ ನಮ್ಮ ಕಡೆ ಒಂದು ಹೋಳು ಪರಂಗಿಕಾಯಿ ಅರೆದು ಸವರುತ್ತಾರಲ್ಲ, ಬೇಗ ಬೇಯಲಿ ಅಂತ? ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ಒಡೆಯುತ್ತದೆ. ಅನಾನಸ್ ಜಾಸ್ತಿ ತಿಂದರೆ ನಾಲಿಗೆ ಚುರುಗುಟ್ಟುವುದಕ್ಕೂ ಅಂಥದ್ದೇ ಒಂದು ಕಿಣ್ವ ಕಾರಣ. ನೀವು ಅದನ್ನು ತಿನ್ನುವಾಗ ಅದೂ ನಿಮ್ಮನ್ನು ಒಂಚೂರು ತಿನ್ನುತ್ತಿರುತ್ತದೆ!

ತಾತನ ಜೇಬಿನ ಮಾತ್ರೆಯಲ್ಲಿ ಇರುವುದು ಹೆಚ್ಚಾಗಿ ಇವೇ. ಶೀಟಿನ ಹಿಂದೆ ಓದಿ ನೋಡಿ. ಫಂಗಲ್ ಡಯಾಸ್ಟೇಸ್ ಅಂತ ಇದ್ದರೆ ಅದು ಬೂಷ್ಟಿನಿಂದ ತೆಗೆದ, ಪಿಷ್ಟ ಒಡೆಯುವ ಕಿಣ್ವ. ಪಪೇನ್ ಇದ್ದರೆ ಪರಂಗಿಯದು. ಕೆಲವದರಲ್ಲಿ ಪೆಪ್ಸಿನ್ ಇರುತ್ತದೆ, ಕಪ್ಪು ಮಾತ್ರೆಗಳಲ್ಲಿ ವಿಶೇಷವಾಗಿ ತಯಾರಿಸಿದ ಇದ್ದಿಲ ಪುಡಿಯೂ ಇರುತ್ತದೆ.

ಬೂಷ್ಟಿನಿಂದ ಮಾತ್ರೆ ಮಾಡಿದವನ ಕಥೆ ಸ್ವಾರಸ್ಯವಾಗಿದೆ. ಜೋಕಿಚಿ ತಕಮಿನೆ ಅಂತ, 1854ರಲ್ಲಿ ಜಪಾನಿನಲ್ಲಿ ಹುಟ್ಟಿದವನು. ತಂದೆ ವೈದ್ಯ, ತಾಯಿಯ ಮನೆಯವರು ಅಕ್ಕಿಯಿಂದ ಸಾಕೆ ಎಂಬ ಮದ್ಯ ಮಾಡುವವರು. ಅಕ್ಕಿಯ ಪಿಷ್ಟವನ್ನು ಸಕ್ಕರೆ ಮಾಡಲು ಅವರು ಕೋಜಿ ಎಂಬ ಬೂಷ್ಟನ್ನು ಬೆಳೆಸುತ್ತಿದ್ದರು. ತಕಮಿನೆ ಅಮೆರಿಕಕ್ಕೆ ಹೋಗಿ ಆ ಬೂಷ್ಟಿನಿಂದ ಕಿಣ್ವ ತೆಗೆದು 1894ರಲ್ಲಿ ಪೇಟೆಂಟ್ ಪಡೆದ. ತನ್ನ ಹೆಸರಿನ ತುಂಡು ಸೇರಿಸಿ ಅದಕ್ಕೆ ತಕಾ-ಡಯಾಸ್ಟೇಸ್ ಎಂದು ಹೆಸರಿಟ್ಟ. ಅಜೀರ್ಣಕ್ಕೆ ಔಷಧಿ ಅಂತ ಅದು ತುಂಬ ಮಾರಾಟವಾಯಿತು. ಅಂದಹಾಗೆ, ಗೋಬಿಗೆ ಸುರಿಯುವ ಸೋಯಾ ಸಾಸ್ ಇದೆಯಲ್ಲ, ಅದನ್ನು ಜಪಾನಿನಲ್ಲಿ ಹುಳಿಯಿಸುವುದೂ ಕೋಜಿ ಬೂಷ್ಟಿನಿಂದಲೇ.

ಅದೇ ಜಪಾನಿನಲ್ಲಿ ನತ್ಸುಮೆ ಸೋಸೆಕಿ ಎಂಬ ದೊಡ್ಡ ಲೇಖಕನಿದ್ದ. 1905-06ರಲ್ಲಿ ಅವನು ಬರೆದ ಕಾದಂಬರಿಯಲ್ಲಿ ಕಥೆ ಹೇಳುವುದು ಒಂದು ಬೆಕ್ಕು. ಬೆಕ್ಕಿನ ಯಜಮಾನ ಒಬ್ಬ ಮೇಷ್ಟ್ರು. ಹೊಟ್ಟೆ ಸರಿಯಿಲ್ಲ, ಆದರೂ ಮೂಗಿನ ಮಟ್ಟ ತಿನ್ನುತ್ತಾನೆ, ತಿಂದ ಮೇಲೆ ತಕಾ-ಡಯಾಸ್ಟೇಸ್ ನುಂಗುತ್ತಾನೆ. ಬೆಕ್ಕು ಇದನ್ನೆಲ್ಲ ನೋಡಿ ಒಳಗೊಳಗೇ ನಗುತ್ತದೆ. ನಮ್ಮ ಬೀಗರೂಟದ ಪಂಕ್ತಿಯಲ್ಲಿ ಈ ಮೇಷ್ಟ್ರನ್ನು ಕೂರಿಸಿದರೆ ಯಾರಿಗೂ ಹೊರಗಿನವನು ಅನ್ನಿಸಲಿಕ್ಕಿಲ್ಲ. ನಗುವಿನ ಹಿಂದೆ ಸಂಕಟವೂ ಇತ್ತು. ಸೋಸೆಕಿಗೇ ಹೊಟ್ಟೆಯ ಹುಣ್ಣಿತ್ತು. 1916ರಲ್ಲಿ, 49ನೇ ವಯಸ್ಸಿನಲ್ಲಿ, ಅದರಿಂದಲೇ ಅವನು ತೀರಿಕೊಂಡ. ಹುಣ್ಣಿಗೆ ಕಿಣ್ವ ಮದ್ದಲ್ಲ.

ಗೋಬಿಗೆ ಬರೋಣ. ಆ ಪ್ಲೇಟಿನಲ್ಲಿ ಏನೇನಿದೆ? ಹೂಕೋಸು, ಮೈದಾ, ಜೋಳದ ಹಿಟ್ಟು, ಎಣ್ಣೆ, ಉಪ್ಪು, ಸಾಸು, ಕೆಲವು ಕಡೆ ಬಣ್ಣ. ಮೈದಾ, ಹಿಟ್ಟಿನ ಪಿಷ್ಟ ಒಡೆಯಲು ಮಾತ್ರೆಯೇ ಬೇಕಿಲ್ಲ. ಆರೋಗ್ಯವಾಗಿರುವ ದೊಡ್ಡವರ ಬಾಯಲ್ಲಿ ದಿನಕ್ಕೆ ಒಂದು ಲೀಟರ್ ಜೊಲ್ಲು, ಜಠರದಲ್ಲಿ ಸುಮಾರು ಎರಡು ಲೀಟರ್ ರಸ, ಮೇದೋಜೀರಕ ಗ್ರಂಥಿಯಲ್ಲಿ ಒಂದೂವರೆ ಲೀಟರಿನಷ್ಟು ರಸ ಬರುತ್ತದೆ. ಇಷ್ಟು ದೊಡ್ಡ ಹೊಳೆಗೆ ಒಂದು ಮಾತ್ರೆ ಎಷ್ಟರದು? ಎಣ್ಣೆಯ ವಿಷಯ ಇನ್ನೂ ತಮಾಷೆ. ಡಯಾಸ್ಟೇಸ್, ಪಪೇನ್ ಎರಡೂ ಎಣ್ಣೆಯನ್ನು ಮುಟ್ಟುವುದಿಲ್ಲ. ಮುಟ್ಟುವ ಕಿಣ್ವವನ್ನೇ ಕೊಟ್ಟೆವು ಅನ್ನಿ, ಅದು ಮಾಡುವುದೇನು? ಎಣ್ಣೆಯನ್ನು ಒಡೆದು ಒಳಗೆ ಸೇರಿಸುತ್ತದೆ. ಒಂದು ಗ್ರಾಂ ಕೊಬ್ಬಿನ 9 ಕ್ಯಾಲೊರಿಯಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಮಾತ್ರೆ ಚೆನ್ನಾಗಿ ಕೆಲಸ ಮಾಡಿದಷ್ಟೂ ವಾತಾಪಿ ಚೆನ್ನಾಗಿ ನಮ್ಮೊಳಗೆ ಸೇರುತ್ತಾನೆ, ಅಷ್ಟೇ.

ಉಪ್ಪಿನಲ್ಲಿ ಒಡೆಯುವುದಕ್ಕೆ ಏನೂ ಇಲ್ಲ. ಅದು ಹಾಗೇ ರಕ್ತಕ್ಕೆ ಹೋಗುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇನ್ನು ಬಣ್ಣ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನೆನಪಿದೆಯೇ? ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ಆಗಲೇ ನಿಷೇಧಿಸಿದರು. ಅದರಲ್ಲಿ ರೋಡಮಿನ್-ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿತ್ತು. ಆ ಬೀಗಕ್ಕೆ ಹೊಂದುವ ಕೈ ತಾತನ ಶೀಟಿನಲ್ಲಿ ಇಲ್ಲ. ಮತ್ತೆ ಮತ್ತೆ ಕಾಯಿಸಿ ಕಪ್ಪಾದ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ವಸ್ತುಗಳಿಗೂ ಇಲ್ಲ.

"ಹಂಗಾದ್ರೆ ಮಾತ್ರೆ ತಗೊಂಡ ಮೇಲೆ ತಾತಂಗೆ ಹೊಟ್ಟೆ ಹಗುರ ಆಗುತ್ತಲ್ಲ?" ಇದು ಹುಡುಗಿಯ ಎರಡನೇ ಪ್ರಶ್ನೆ. ಒಳ್ಳೆ ಪ್ರಶ್ನೆ. ಎಣ್ಣೆ, ಕೊಬ್ಬು ಜಾಸ್ತಿ ಇದ್ದರೆ ಜಠರ ಖಾಲಿಯಾಗುವುದು ನಿಧಾನ. ಮಳೆಗಾಲದಲ್ಲಿ ಒಲೆ ಮುಂದೆ ಕೂತು ಬೋಂಡಾ ತಿಂದು ಹಾಗೇ ಕಂಬಳಿ ಹೊದ್ದು ಮಲಗಿದರೆ ಇನ್ನೂ ನಿಧಾನ ಅನ್ನಿಸುತ್ತದೆ. ಎರಡು ಮೂರು ಗಂಟೆ ಕಳೆದರೆ ತಾನಾಗಿ ಹಗುರವಾಗುತ್ತದೆ. ನಡುವೆ ನುಂಗಿದ್ದು ಮಾತ್ರೆಯಾದ್ದರಿಂದ ಹೆಸರು ಅದಕ್ಕೆ ಬರುತ್ತದೆ. ಪಕ್ಷಪಾತ ಬೇಡ, ನಮ್ಮ ಶುಂಠಿ ಮಜ್ಜಿಗೆ, ಜೀರಿಗೆ ಕಷಾಯಕ್ಕೂ ಇದೇ ಮಾತು. ಬಾಯಿಗೆ ಹಿತ, ಹೊಟ್ಟೆಗೂ ಹಿತ ಅನ್ನಿಸಬಹುದು. ಆದರೆ ತಿಂದ ಎಣ್ಣೆಯ ಲೆಕ್ಕ ಅವೂ ಅಳಿಸುವುದಿಲ್ಲ. ಜಾತ್ರೆಯಲ್ಲಿ ಗೋಬಿ ತಿನ್ನಲೇಬಾರದು ಅಂತ ನಾನು ಹೇಳುವವನಲ್ಲ. ಕೆಂಪು ಬಣ್ಣ ಬಳಿಯದ ಕಡೆ ಒಂದು ಪ್ಲೇಟ್ ತೆಗೆದುಕೊಂಡು ಮೂವರು ಹಂಚಿಕೊಳ್ಳಿ.

ಕಿಣ್ವದ ಮಾತ್ರೆ ನಿಜವಾಗಿ ಬೇಕಾದವರೂ ಇದ್ದಾರೆ. ಮೇದೋಜೀರಕ ಗ್ರಂಥಿ ಕೆಟ್ಟವರಿಗೆ, ಅದರ ಆಪರೇಷನ್ ಆದವರಿಗೆ ಊಟವೇ ಮೈಗೆ ಹತ್ತುವುದಿಲ್ಲ, ಸೊರಗುತ್ತಾರೆ. ಅವರಿಗೆ ವೈದ್ಯರು ಲೆಕ್ಕ ಹಾಕಿ, ಪ್ರತಿ ಊಟದ ಜೊತೆಗೆ, ಕೊಬ್ಬು ಒಡೆಯುವ ಕಿಣ್ವವೂ ಇರುವ ಬೇರೆ ಮಾತ್ರೆ ಕೊಡುತ್ತಾರೆ. ಅದರ ಕೆಲಸ ಊಟವನ್ನು ಮೈಗೆ ಸೇರಿಸುವುದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಲ್ಯಾಕ್ಟೇಸ್ ಎಂಬ ಕಿಣ್ವ ನೆರವಾಗುತ್ತದೆ. ಮಕ್ಕಳಿಗೆ ದೊಡ್ಡವರ ಶೀಟಿನಿಂದ ಅರ್ಧ ಮುರಿದು ಕೊಡುವುದಂತೂ ಬೇಡ.

ಅಜ್ಜ ಅಜ್ಜಿಯರೇ, ನಿಮಗೂ ಎರಡು ಮಾತು. ಇದ್ದಿಲು ಸೇರಿದ ಕಪ್ಪು ಮಾತ್ರೆ ನಿಮ್ಮ ಬಿ.ಪಿ., ಸಕ್ಕರೆ, ಹೃದಯದ ಮಾತ್ರೆಗಳನ್ನೂ ಹೀರಿಕೊಂಡು ಅವು ರಕ್ತಕ್ಕೆ ಸೇರದಂತೆ ಮಾಡಬಹುದು. ಅವುಗಳ ಜೊತೆಗೆ ನುಂಗಬೇಡಿ, ವೈದ್ಯರನ್ನು ಕೇಳಿ. ಅದರಿಂದ ಮಲವೂ ಕಪ್ಪಾಗುತ್ತದೆ. ಹೊಟ್ಟೆಯೊಳಗೆ ರಕ್ತ ಸೋರಿದರೂ ಮಲ ಕಪ್ಪಾಗುತ್ತದೆ. ಯಾವುದು ಯಾವುದು ಅಂತ ಮನೆಯಲ್ಲಿ ಕೂತು ಹೇಳಲಾಗದು.

ಎರಡನೆಯದು ಎದೆಯ ವಿಷಯ. ಹುಡುಗಿಯ ಪ್ರಶ್ನೆ ಕೇಳಿದಾಗ ನನಗೆ ಗೋಬಿಗಿಂತ ಹೆಚ್ಚು ಚಿಂತೆಯಾದದ್ದು ಇದರದ್ದೇ. ಎದೆ ಹಿಡಿದ ಹಾಗಾದರೆ ನಮ್ಮ ಕಡೆ ಮೊದಲು ಬರುವ ಮಾತು "ಗ್ಯಾಸ್ ಇರಬೇಕು." ಜೇಬಿನಲ್ಲಿ ಮಾತ್ರೆ ಇದ್ದರೆ ಒಂದು ನುಂಗುತ್ತೇವೆ. ಕಡಿಮೆಯಾಗದಿದ್ದರೆ ಇನ್ನೊಂದು. ಆಮೇಲೆ ಒಂದು ಸೋಡಾ. ಅಷ್ಟರಲ್ಲಿ ಗಂಟೆ ಕಳೆದಿರುತ್ತದೆ. 2025ರ ಜೂನ್, ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ರಾಜ್ಯವನ್ನೇ ಹೆದರಿಸಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಸರ್ಕಾರ ತಜ್ಞರ ಸಮಿತಿ ಮಾಡಿ ನೋಡಿಸಿತು, ಸಾವುಗಳು ಅಸಹಜವಾಗಿ ಏರಿಲ್ಲ ಎಂದು ವರದಿ ಬಂತು. ಹೆದರಿಕೆ ಇಳಿಯಿತು, ಒಳ್ಳೆಯದು. ಗ್ಯಾಸ್ ಅಂತ ಕಾಯುವ ಅಭ್ಯಾಸ ಮಾತ್ರ ಇಳಿದ ಹಾಗೆ ಕಾಣುವುದಿಲ್ಲ.

ಎದೆಯ ನಡುವೆ ಕಲ್ಲು ಹೇರಿದಂತೆ ಭಾರ, ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆ ಬೆವರು, ಏದುಸಿರು, ಇವು ಇದ್ದರೆ ಗ್ಯಾಸ್ ಅಂದುಕೊಂಡು ಕೂರಬೇಡಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಕೆಲವೊಮ್ಮೆ ಬರಿ ಹೊಟ್ಟೆ ತೊಳೆಸಿದಂತೆ, ಸುಸ್ತಾದಂತೆ ಅನ್ನಿಸಬಹುದು. ಹೃದಯದ ರಕ್ತನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಗ ಬಿದ್ದಷ್ಟೂ ಒಳ್ಳೆಯದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಬೇಕಾದವರಿಗೆ ಆ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ನಮ್ಮಂಥ ಘಾಟಿ ಬಾಯಿಯ ಊರಿನವರಿಗೆ ಒಂದೊಂದು ನಿಮಿಷವೂ ಮುಖ್ಯ. 2024ರ ಜುಲೈನಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಜಾರಿ ಹೆದ್ದಾರಿಯೇ ಬಂದಾಗಿದ್ದನ್ನು ನೋಡಿದವರು ನಾವು.

ಮಕ್ಕಳೇ, ಇಲ್ಲಿ ಕೆಲಸ ನಿಮಗೂ ಇದೆ. ತಾತ "ಏನಿಲ್ಲ ಬಿಡು" ಅಂದರೂ ತಕ್ಷಣ ದೊಡ್ಡವರನ್ನು ಕೂಗಿ. ಯಾರೂ ಇಲ್ಲದಿದ್ದರೆ ನೀವೇ 108ಕ್ಕೆ ಫೋನ್ ಮಾಡಿ. ಮನೆಯೊಳಗೆ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಈಗಲೇ ನೋಡಿಟ್ಟುಕೊಳ್ಳಿ, ಅಂಗಳದ ಮೂಲೆಯೋ, ಕಣದ ಬಂಡೆಯೋ. ಊರಿನ ಹೆಸರು, ಹೆದ್ದಾರಿಯಿಂದ ಯಾವ ದಾರಿಗೆ ತಿರುಗಬೇಕು, ಹತ್ತಿರದ ಗುರುತು ಏನು ಅಂತ ಹೇಳಿ. ತಾತನನ್ನು ಓಡಾಡಲು ಬಿಡದೆ ಕೂರಿಸಿ. ಅವರು ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ, ಜೇಬಿನದ್ದೂ ಸೇರಿ, ಒಂದು ಚೀಲಕ್ಕೆ ಹಾಕಿ. ನೋವು ಎಷ್ಟು ಗಂಟೆಗೆ ಶುರುವಾಯಿತು ಎಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ. ಆಸ್ಪತ್ರೆಯಲ್ಲಿ ತಪ್ಪದೆ ಕೇಳುವ ಪ್ರಶ್ನೆ ಅದು.